ಮನೆ ಹಿಂದಿನ ತೋಡಿನಿಂದ ಶುರು ಮಾಡಿ: ಕಾಸರಗೋಡಿನ ನೀರು ನೋಡುವ, ಹೊಳೆ ಕಾಯುವ ಬಗೆ

ಕೇರಳದ 44 ನದಿಗಳಲ್ಲಿ 12 ನಮ್ಮ ಕಾಸರಗೋಡು ಜಿಲ್ಲೆಯಲ್ಲೇ ಹರಿಯುತ್ತವೆ. ಇಷ್ಟು ಹೊಳೆಗಳು ರಾಜ್ಯದ ಬೇರೆ ಯಾವ ಜಿಲ್ಲೆಯಲ್ಲೂ ಇಲ್ಲ. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆಯೂ ಬೀಳುತ್ತದೆ. ಆದರೂ ಏಪ್ರಿಲ್ ಬಂದರೆ ಎಷ್ಟೋ ಕಡೆ ಬಾವಿಯ ತಳ ಕಾಣುತ್ತದೆ, ಉಳಿದ ನೀರು ಕುಡಿಯಲು ಆಗುತ್ತದೋ ಇಲ್ಲವೋ ಎಂಬ ಅನುಮಾನ ಬೇರೆ. ಆ ಅನುಮಾನವನ್ನು ಮನೆಯವರೇ ಪರಿಹರಿಸಿಕೊಳ್ಳುವುದು ಹೇಗೆ, ಆಮೇಲೆ ಹೊಳೆಗಾಗಿ ಏನು ಮಾಡಬಹುದು ಎಂಬುದನ್ನು ಇಲ್ಲಿ ಹೇಳುತ್ತೇನೆ. ವಿಜ್ಞಾನ ಓದಿರಬೇಕೆಂದಿಲ್ಲ. ಒಂದು ನೋಟ್‌ಬುಕ್ ಮತ್ತು ಬಿಡದೆ ಮುಂದುವರಿಸುವ ಮನಸ್ಸು ಸಾಕು.

ಮೊದಲು ಒಂದು ಜಾಗ ಆರಿಸಿ

"ಚಂದ್ರಗಿರಿಯನ್ನು ಉಳಿಸೋಣ" ಎಂದು ಹೊರಟರೆ ಕೆಲಸ ಎಲ್ಲಿಂದ ಶುರು ಮಾಡಬೇಕೆಂದೇ ತಿಳಿಯುವುದಿಲ್ಲ. ಹೊಳೆ ದೊಡ್ಡದು. ಅದರ ಒಂದು ಕವಲು ಪಯಸ್ವಿನಿ, ಅದು ಕೊಡಗಿನ ಕಡೆಯಿಂದ ಸುಳ್ಯ ದಾಟಿ ಬರುತ್ತದೆ. ಅದರ ಬದಲು ನಿಮ್ಮ ಮನೆಯ ಹತ್ತಿರದ ತೋಡನ್ನು, ಅಂದರೆ ಸಣ್ಣ ಹಳ್ಳವನ್ನು, ಹಿಡಿಯಿರಿ. ಅದು ಎಲ್ಲಿ ಹುಟ್ಟುತ್ತದೆ, ಯಾರ ತೋಟ ದಾಟುತ್ತದೆ, ಯಾವ ಹೊಳೆಗೆ ಸೇರುತ್ತದೆ ಎಂದು ಮೊದಲು ತಿಳಿದುಕೊಳ್ಳಿ. ಆದೂರಿನ ಕಡೆಯವರಾದರೆ ಪಯಸ್ವಿನಿಗೆ ಸೇರುವ ತೋಡು ಸಿಗಬಹುದು. ಪೆರ್ಲ, ಎಣ್ಮಕಜೆ ಕಡೆಯವರದು ಹೆಚ್ಚಾಗಿ ಶಿರಿಯಾ ಹೊಳೆಗೆ ಹೋಗುವ ನೀರು. ಫೋನಿನ ನಕ್ಷೆಯಲ್ಲಿ ಸಣ್ಣ ತೋಡುಗಳು ಕಾಣುವುದಿಲ್ಲ. ಊರಿನ ಹಿರಿಯರನ್ನು ಕೇಳಿ, ಒಂದು ದಿನ ತೋಡಿನ ಬದಿಯಲ್ಲೇ ನಡೆಯಿರಿ. ನಡೆಯುವಾಗ ತೋಡಿಗೆ ಬಂದು ಸೇರುವ ಪ್ರತಿ ಕಣಿ (ಸಣ್ಣ ಕಾಲುವೆ), ಪ್ರತಿ ಪೈಪು ಬರೆದುಕೊಳ್ಳಿ. ನಿಮ್ಮ ಮೊದಲ ನಕ್ಷೆ ಅದೇ.

ಮಂಜೇಶ್ವರದವರಿಗೆ ಒಂದು ಅನುಕೂಲ ಇದೆ. ಮಂಜೇಶ್ವರ ಹೊಳೆ ಬರೇ 16 ಕಿಲೋಮೀಟರ್ ಉದ್ದ, ಕೇರಳದಲ್ಲೇ ಅತಿ ಚಿಕ್ಕದು. ನಾಲ್ಕೈದು ಜನ ಮನಸ್ಸು ಮಾಡಿದರೆ ಗುಡ್ಡೆಯಿಂದ ಅಳಿವೆಯವರೆಗೆ ಒಂದು ಇಡೀ ಹೊಳೆಯನ್ನು ಕಣ್ಣಲ್ಲಿ ಇಟ್ಟುಕೊಳ್ಳಬಹುದು.

ನೋಡಲು ಎರಡು ಜಾಗ ಗುರುತು ಮಾಡಿ. ಒಂದು, ಅನುಮಾನವಿರುವ ಕಣಿ ಅಥವಾ ಪೈಪಿಗಿಂತ ಮೇಲೆ. ಇನ್ನೊಂದು, ಅದಕ್ಕಿಂತ ಕೆಳಗೆ. ಮೇಲೆ ಸರಿ ಇದ್ದು ಕೆಳಗೆ ಕೆಟ್ಟಿದ್ದರೆ ಕಾರಣ ನಡುವೆ ಇದೆ. ಒಂದೇ ಕಡೆ ನೋಡಿದರೆ ಇದು ಗೊತ್ತಾಗುವುದಿಲ್ಲ.

ಯಾವಾಗ ನೋಡಬೇಕು? ತಿಂಗಳಿಗೊಮ್ಮೆ ಆದರೆ ಒಳ್ಳೆಯದು. ಅಷ್ಟು ಆಗದಿದ್ದರೆ ಮೂರು ಕಾಲ ಬಿಡಬೇಡಿ: ಮೊದಲ ಜೋರು ಮಳೆ ಬಂದಾಗ, ಮಳೆ ನಿಂತ ಮೇಲೆ ನವೆಂಬರಿನಲ್ಲಿ, ಮತ್ತೆ ಏಪ್ರಿಲ್ ಕೊನೆಗೆ. ಬೇಸಗೆಯಿಡೀ ನೆಲದ ಮೇಲೆ ಬಿದ್ದದ್ದೆಲ್ಲ ಮೊದಲ ಮಳೆಗೆ ತೋಡಿಗೆ ಬರುತ್ತದೆ. ಏಪ್ರಿಲಿನಲ್ಲಿ ನೀರು ಕಡಿಮೆ ಇರುವುದರಿಂದ ಸ್ವಲ್ಪ ಕೊಳೆ ಸೇರಿದರೂ ಗಟ್ಟಿಯಾಗಿ ಕಾಣುತ್ತದೆ. ಒಂದೇ ಸಲ ಪರೀಕ್ಷೆ ಮಾಡಿಸಿ "ನೀರು ಚೆನ್ನಾಗಿದೆ" ಎಂದು ಸುಮ್ಮನಾಗುವವರೇ ಜಾಸ್ತಿ. ನವೆಂಬರಿನ ವರದಿ ಏಪ್ರಿಲಿನ ನೀರಿನ ಬಗ್ಗೆ ಏನೂ ಹೇಳುವುದಿಲ್ಲ.

ಕಣ್ಣು, ಮೂಗು, ಒಂದು ಕೋಲು

ಪ್ರತಿ ಸಲ ದಿನಾಂಕ, ಸಮಯ, ಹಿಂದಿನ ಎರಡು ದಿನ ಮಳೆ ಬಂದಿತ್ತೇ ಎಂಬುದನ್ನು ಬರೆಯಿರಿ. ಆಮೇಲೆ ಬಣ್ಣ, ವಾಸನೆ, ನೊರೆ, ಪಾಚಿ.

ನಮ್ಮ ಮುರಕಲ್ಲಿನ ನೆಲದಲ್ಲಿ ಜನರನ್ನು ಆಗಾಗ ಗಾಬರಿಪಡಿಸುವ ಒಂದು ವಿಷಯ ಇದೆ. ನಿಂತ ನೀರಿನ ಮೇಲೆ ಎಣ್ಣೆಯಂಥ ಹೊಳೆಯುವ ಪದರ, ಅಡಿಯಲ್ಲಿ ಕೆಂಪು ಕೆಸರು. ಯಾರೋ ಡೀಸೆಲ್ ಚೆಲ್ಲಿದ್ದಾರೆ ಅನಿಸುತ್ತದೆ. ಕೋಲಿನಿಂದ ಆ ಪದರವನ್ನು ಚುಚ್ಚಿ ನೋಡಿ. ಚೂರು ಚೂರಾಗಿ ಒಡೆದು ಹಾಗೇ ಉಳಿದರೆ ಅದು ಕಬ್ಬಿಣದ ಅಂಶದಲ್ಲಿ ಬೆಳೆಯುವ ಬ್ಯಾಕ್ಟೀರಿಯಾದ ಪದರ. ಹೆದರುವ ಕಾರಣ ಇಲ್ಲ. ಚುಚ್ಚಿದ ಕೂಡಲೇ ಮತ್ತೆ ಸುತ್ತಿಕೊಂಡು ಕೂಡಿಕೊಂಡರೆ ಅದು ನಿಜವಾದ ಎಣ್ಣೆ.

ನೊರೆಯೂ ಹಾಗೆಯೇ. ಮಳೆಗಾಲದ ಶುರುವಿನಲ್ಲಿ ಎಲೆ ಕೊಳೆತ ನೀರು ಕಲ್ಲಿಗೆ ಬಡಿದು ಕಂದು ಬಣ್ಣದ ನೊರೆ ಬರುತ್ತದೆ, ಮಣ್ಣಿನ ವಾಸನೆ ಇರುತ್ತದೆ. ಬೆಳ್ಳಗಿನ, ಸೋಪಿನ ಪರಿಮಳದ ನೊರೆ ಕಂಡರೆ ಮೇಲೆ ಎಲ್ಲೋ ಬಟ್ಟೆ ಒಗೆದ ನೀರು ಸೇರುತ್ತಿದೆ.

ನೀರು ಎಷ್ಟು ಹರಿಯುತ್ತಿದೆ ಎಂದು ಅಳೆಯುವುದೂ ಸುಲಭ. ನೇರವಾಗಿರುವ 10 ಮೀಟರ್ ತೋಡು ಗುರುತಿಸಿ, ತೆಂಗಿನ ಸಿಪ್ಪೆಯ ತುಂಡು ಬಿಡಿ, ದಾಟಲು ಎಷ್ಟು ಸೆಕೆಂಡ್ ಬೇಕೆಂದು ನೋಡಿ. 20 ಸೆಕೆಂಡ್ ಆದರೆ ವೇಗ ಸೆಕೆಂಡಿಗೆ ಅರ್ಧ ಮೀಟರ್. ಮೇಲಿನ ನೀರು ಅಡಿಯ ನೀರಿಗಿಂತ ಬೇಗ ಓಡುವುದರಿಂದ ಇದನ್ನು 0.85ರಿಂದ ಗುಣಿಸಿ. ತೋಡಿನ ಅಗಲ 2 ಮೀಟರ್, ಸರಾಸರಿ ಆಳ 0.3 ಮೀಟರ್ ಇದ್ದರೆ ಸೆಕೆಂಡಿಗೆ ಸುಮಾರು 255 ಲೀಟರ್ ನೀರು ಹೋಗುತ್ತಿದೆ. ಈ ಲೆಕ್ಕವನ್ನು ವರ್ಷಗಟ್ಟಲೆ ಇಟ್ಟರೆ ತೋಡು ಯಾವ ತಿಂಗಳಲ್ಲಿ ಬತ್ತುತ್ತದೆ, ಅದು ಪ್ರತಿ ವರ್ಷ ಬೇಗ ಬೇಗ ಆಗುತ್ತಿದೆಯಾ ಎಂಬುದಕ್ಕೆ ನಿಮ್ಮಲ್ಲಿ ಪುರಾವೆ ಇರುತ್ತದೆ.

ಕಲ್ಲು ಮಗುಚಿ ನೋಡಿ

ನನಗೆ ಎಲ್ಲಕ್ಕಿಂತ ನಂಬಿಕೆ ಇರುವ ಪರೀಕ್ಷೆ ಇದು. ಮಕ್ಕಳಿಗೂ ತುಂಬಾ ಖುಷಿ ಕೊಡುತ್ತದೆ. ಬಾಟಲಿಯಲ್ಲಿ ಹಿಡಿದ ನೀರು ಆ ಒಂದು ಗಳಿಗೆಯದ್ದು. ನೀರಿನಡಿ ಬದುಕುವ ಹುಳಗಳು ತಿಂಗಳುಗಟ್ಟಲೆ ಅಲ್ಲೇ ಇರುತ್ತವೆ. ರಾತ್ರಿ ಯಾರೋ ವಿಷ ಬಿಟ್ಟು ಬೆಳಗ್ಗೆ ನೀರು ತಿಳಿಯಾದರೂ ಹುಳಗಳು ಸತ್ತಿರುತ್ತವೆ.

ಮೊಣಕಾಲಿಗಿಂತ ಕಡಿಮೆ ನೀರಿರುವ, ಕಲ್ಲುಗಳ ಮೇಲೆ ಹರಿಯುವ ಜಾಗಕ್ಕೆ ಹೋಗಿ. ಮುಷ್ಟಿ ಗಾತ್ರದ ಕಲ್ಲನ್ನು ನಿಧಾನವಾಗಿ ಎತ್ತಿ ಅಡಿ ನೋಡಿ. ಚಹಾ ಸೋಸುವ ಜಾಲರಿ, ಬಿಳಿ ತಟ್ಟೆ ಇದ್ದರೆ ಸಾಕು.

ಬಾಲದಲ್ಲಿ ಮೂರು ಎಳೆ, ಹೊಟ್ಟೆಯ ಎರಡೂ ಬದಿ ಅಲುಗಾಡುವ ಕಿವಿರು ಇರುವ ಸಣ್ಣ ಹುಳ ಕಂಡರೆ ಅದು ಮೇಫ್ಲೈ ಮರಿ. ಎರಡೇ ಎಳೆಯ, ಚಪ್ಪಟೆ ಹುಳ ಸ್ಟೋನ್‌ಫ್ಲೈ ಮರಿ. ಮರಳಿನ ಕಣ ಅಥವಾ ಎಲೆಯ ಚೂರು ಅಂಟಿಸಿ ಗೂಡು ಕಟ್ಟಿಕೊಂಡು ಅದರೊಳಗೆ ಕೂತಿರುವುದು ಕ್ಯಾಡಿಸ್. ಈ ಮೂರಕ್ಕೂ ಆಮ್ಲಜನಕ ಚೆನ್ನಾಗಿರುವ ನೀರು ಬೇಕು. ಮೂರೂ ಸಿಕ್ಕಿದರೆ ನಿಮ್ಮ ತೋಡು ಆರೋಗ್ಯವಾಗಿದೆ. ಏರೋಪ್ಲೇನ್ ಚಿಟ್ಟೆಯ ಮರಿ, ಏಡಿ ಮಾತ್ರ ಇದ್ದರೆ ಮಧ್ಯಮ. ಕೆಸರಿನಲ್ಲಿ ಕೆಂಪು ದಾರದಂಥ ಹುಳ ಮಾತ್ರ ರಾಶಿ ರಾಶಿ ಇದ್ದರೆ ಅಲ್ಲಿ ಕೊಳಚೆ ಸೇರುತ್ತಿದೆ. ನೋಡಿದ ಮೇಲೆ ಹುಳಗಳನ್ನು ನೀರಿಗೆ ಬಿಡಿ, ಕಲ್ಲನ್ನು ಇದ್ದ ಹಾಗೇ ಮಗುಚಿ ಇಡಿ.

ಜಾಗ್ರತೆಯ ಮಾತು: ಕಾಲಿನಲ್ಲಿ ಗಾಯ ಇದ್ದರೆ ನೀರಿಗೆ ಇಳಿಯಬೇಡಿ, ಇಲಿಜ್ವರ ಹಾಗೆಯೇ ಬರುವುದು. ನಿಂತ ಕೆರೆ, ಮದಕಗಳಲ್ಲಿ ಮೂಗಿನೊಳಗೆ ನೀರು ಹೋಗುವ ಹಾಗೆ ಮುಳುಗಬೇಡಿ. ಜೂನ್, ಜುಲೈಯಲ್ಲಿ ದಡದಿಂದಲೇ ನೋಡಿ. ಮಕ್ಕಳನ್ನು ಒಂಟಿಯಾಗಿ ಕಳಿಸಲೇಬೇಡಿ.

ಮನೆಯಲ್ಲಿ ಮಾಡುವ ಪರೀಕ್ಷೆ

ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಎಂದು ತೋರಿಸುವ ಪಿಎಚ್ ಪಟ್ಟಿ ಅಂಗಡಿಯಲ್ಲಿ ಸಿಗುತ್ತದೆ. ಜಲಜೀವನ ಮಿಷನ್‌ನಡಿ ಪಂಚಾಯತ್‌ಗಳಿಗೆ ನೀರು ಪರೀಕ್ಷಿಸುವ ಕಿಟ್ ಕೊಡುವ, ಊರಿನ ಮಹಿಳೆಯರಿಗೆ ತರಬೇತಿ ಕೊಡುವ ವ್ಯವಸ್ಥೆ ಇದೆ. ನಿಮ್ಮ ವಾರ್ಡಿನ ಸದಸ್ಯರನ್ನೋ ಮಹಿಳೆಯರ ಸ್ವಸಹಾಯ ಗುಂಪಾದ ಕುಟುಂಬಶ್ರೀಯವರನ್ನೋ ಕೇಳಿ. ಎಷ್ಟೋ ಕಿಟ್‌ಗಳು ಕಪಾಟಿನಲ್ಲೇ ಇದ್ದು ಅವಧಿ ಮುಗಿಯುತ್ತವೆ, ತೆಗೆದುಕೊಂಡಾಗ ದಿನಾಂಕ ನೋಡಿ.

ಅತ್ಯಂತ ಉಪಯೋಗದ್ದು, ನೀರಿಗೆ ಮಲ ಸೇರಿದೆಯೇ ಎಂದು ತೋರಿಸುವ ಎಚ್‌ಟುಎಸ್ ಬಾಟಲಿ. 1982ರಲ್ಲಿ ಗ್ವಾಲಿಯರ್‌ನ ರಕ್ಷಣಾ ಸಂಶೋಧನಾಲಯದ ವಿಜ್ಞಾನಿಗಳು ಹಳ್ಳಿಯ ಬಳಕೆಗೆಂದೇ ರೂಪಿಸಿದ ವಿಧಾನ ಅದು. ಗುರುತಿನವರೆಗೆ ನೀರು ತುಂಬಿ, ಮುಚ್ಚಿ, ಬೆಚ್ಚಗಿನ ಕಡೆ 24ರಿಂದ 48 ಗಂಟೆ ಇಡಬೇಕು. ನೀರು ಕಪ್ಪಾದರೆ ಮಲದ ಬ್ಯಾಕ್ಟೀರಿಯಾ ಇರುವ ಸಾಧ್ಯತೆ ಹೆಚ್ಚು. ಬಾಟಲಿಯ ಒಳಬದಿಗೆ, ಮುಚ್ಚಳದ ಒಳಗೆ ಬೆರಳು ತಾಗಿಸಬೇಡಿ. ಕೆಲಸ ಆದ ಮೇಲೆ ಬ್ಲೀಚಿಂಗ್ ಪೌಡರ್ ಹಾಕಿ ಅರ್ಧ ಗಂಟೆ ಬಿಟ್ಟು, ಬಾವಿ ಮತ್ತು ತೋಡಿನಿಂದ ದೂರ ಚೆಲ್ಲಿ.

ಪ್ರಯೋಗಾಲಯಕ್ಕೆ ನೀರು ಒಯ್ಯುವಾಗ

ವರ್ಷಕ್ಕೊಮ್ಮೆಯಾದರೂ ಕುಡಿಯುವ ನೀರನ್ನು ಪ್ರಯೋಗಾಲಯದಲ್ಲಿ ನೋಡಿಸಬೇಕು. ಕೇರಳ ಜಲ ಪ್ರಾಧಿಕಾರದ ಪ್ರಯೋಗಾಲಯದಲ್ಲಿ ಸಾರ್ವಜನಿಕರು ಶುಲ್ಕ ಕೊಟ್ಟು ಪರೀಕ್ಷೆ ಮಾಡಿಸಬಹುದು. ರಾಜ್ಯ ಸರಕಾರದ ಹರಿತ ಕೇರಳಂ ಮಿಷನ್ ಕೆಲವು ಹೈಯರ್ ಸೆಕೆಂಡರಿ ಶಾಲೆಗಳ ರಸಾಯನಶಾಸ್ತ್ರದ ಲ್ಯಾಬಿನಲ್ಲೇ ನೀರು ಪರೀಕ್ಷೆಯ ಸೌಕರ್ಯ ಮಾಡಿದೆ. ಹತ್ತಿರದ ಶಾಲೆಯಲ್ಲಿ ಇದೆಯೇ ಎಂದು ವಿಚಾರಿಸಿ.

ರಾಸಾಯನಿಕ ಪರೀಕ್ಷೆಗೆ ಶುಭ್ರವಾದ ಒಂದು ಲೀಟರ್ ಬಾಟಲಿ. ಅದೇ ನೀರಿನಲ್ಲಿ ಮೂರು ಸಲ ಕುಲುಕಿ ಚೆಲ್ಲಿ, ಆಮೇಲೆ ತುಂಬಿ. ಬ್ಯಾಕ್ಟೀರಿಯಾ ಪರೀಕ್ಷೆಯ ಬಾಟಲಿಯನ್ನು ಪ್ರಯೋಗಾಲಯದಿಂದಲೇ ತರಬೇಕು, ಅದನ್ನು ತೊಳೆಯಲೇಬಾರದು. ಪೂರ್ತಿ ತುಂಬದೆ ಮೇಲೆ ಸ್ವಲ್ಪ ಜಾಗ ಬಿಡಿ. ಐಸ್ ಇಟ್ಟ ಡಬ್ಬದಲ್ಲಿ ಹಾಕಿ, 6 ಗಂಟೆಯೊಳಗೆ ತಲುಪಿಸಿ. ಶನಿವಾರ ಮಧ್ಯಾಹ್ನ ಹಿಡಿದು ಸೋಮವಾರ ಕೊಟ್ಟರೆ ಫಲಿತಾಂಶಕ್ಕೆ ಅರ್ಥ ಇರುವುದಿಲ್ಲ. ತೋಡಿನದಾದರೆ ನಡು ಹರಿವಿನಲ್ಲಿ, ಬಾಟಲಿಯ ಬಾಯಿ ನೀರು ಬರುವ ಕಡೆಗೆ ಇರುವಂತೆ, ಒಂದು ಗೇಣು ಆಳದಿಂದ ಹಿಡಿಯಿರಿ. ಪಂಪಿನದಾದರೆ ಕೆಲವು ನಿಮಿಷ ಓಡಿಸಿದ ಮೇಲೆ. ಬಾಯಾರು, ಪೈವಳಿಕೆ ಕಡೆ ನೀರಿಗಾಗಿ ಗುಡ್ಡೆಯೊಳಗೆ ಅಡ್ಡಲಾಗಿ ಕೊರೆದ ಸುರಂಗದ ನೀರು ಕುಡಿಯುವವರು ಸುರಂಗದ ಬಾಯಿಯಲ್ಲಿ ಒಂದು, ನೀರು ಶೇಖರಿಸುವ ತೊಟ್ಟಿಯಲ್ಲಿ ಒಂದು ಹೀಗೆ ಎರಡು ಮಾದರಿ ಕೊಡುವುದು ಒಳ್ಳೆಯದು. ಕೆಡುವುದು ಹೆಚ್ಚಾಗಿ ತೊಟ್ಟಿಯಲ್ಲಿ.

ವರದಿ ಓದುವುದು ಹೇಗೆ

ಭಾರತೀಯ ಮಾನಕ ಐಎಸ್ 10500 ಪ್ರಕಾರ ಕುಡಿಯುವ ನೀರಿನ ಪಿಎಚ್ 6.5ರಿಂದ 8.5. ನಮ್ಮ ಮುರಕಲ್ಲು ನೆಲದ ಬಾವಿಗಳಲ್ಲಿ 6ಕ್ಕಿಂತ ಕಡಿಮೆ ಬರುವುದೂ ಉಂಟು. ಅದು ಮಣ್ಣಿನ ಗುಣ, ಕೊಳಕಲ್ಲ. ಆದರೆ ಹುಳಿ ನೀರು ಲೋಹದ ಪೈಪು, ನಲ್ಲಿಯನ್ನು ಕೊರೆಯುತ್ತದೆ, ಅದರಿಂದ ಲೋಹ ನೀರಿಗೆ ಬರುತ್ತದೆ. ಬಾವಿಗೆ ಅಳತೆ ಪ್ರಕಾರ ಸುಣ್ಣ ಹಾಕಿ ಸರಿ ಮಾಡಬಹುದು. ಅಳತೆಯನ್ನು ಪ್ರಯೋಗಾಲಯದವರನ್ನೇ ಕೇಳಿ.

ಟಿಡಿಎಸ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಕರಗಿದ ಲವಣಗಳ ಒಟ್ಟು ಲೆಕ್ಕ ಅದು, ಲೀಟರಿಗೆ 500 ಮಿಲಿಗ್ರಾಂವರೆಗೆ ಒಳ್ಳೆಯದು. ಫಿಲ್ಟರ್ ಮಾರಲು ಬರುವವರು ಪೆನ್ನಿನಂಥ ಮೀಟರ್ ಅದ್ದಿ ಅಂಕೆ ತೋರಿಸುತ್ತಾರೆ. ನಮ್ಮ ಎಷ್ಟೋ ಬಾವಿಗಳಲ್ಲಿ ಅದು 100 ಕೂಡ ದಾಟುವುದಿಲ್ಲ. ಅಂಥ ನೀರಿಗೆ ಆರ್‌ಒ ಯಂತ್ರ ಬೇಡವೇ ಬೇಡ. ಹಾಗೆಂದು ಅಂಕೆ ಕಡಿಮೆ ಇದ್ದ ಮಾತ್ರಕ್ಕೆ ನೀರು ಶುದ್ಧ ಅಂತಲೂ ಅಲ್ಲ. ಮೀಟರಿಗೆ ಬ್ಯಾಕ್ಟೀರಿಯಾ ಕಾಣುವುದಿಲ್ಲ. ನಮ್ಮಲ್ಲಿ ಜನ ಕಾಯಿಲೆ ಬೀಳುವುದು ಲವಣದಿಂದಲ್ಲ, ಬಾವಿಯ ಹತ್ತಿರದ ಪಾಯಿಖಾನೆ ಗುಂಡಿಯಿಂದ. 100 ಮಿಲಿಲೀಟರ್ ನೀರಿನಲ್ಲಿ ಮಲದಿಂದ ಬರುವ ಇ. ಕೋಲಿ ಬ್ಯಾಕ್ಟೀರಿಯಾ ಒಂದೂ ಇರಬಾರದು.

ಉಪ್ಪಿನ ಅಂಶ ತೋರಿಸುವ ಕ್ಲೋರೈಡ್ ಲೀಟರಿಗೆ 250 ಮಿಲಿಗ್ರಾಂ ಒಳಗಿರಬೇಕು. ಕರಾವಳಿಯವರು ಇದನ್ನು ಮಾರ್ಚಿನಿಂದ ಮೇವರೆಗೆ ಗಮನಿಸಿ. ಹೊಳೆಯ ಹರಿವು ಕಡಿಮೆಯಾದಾಗ ಉಪ್ಪು ನೀರು ಮೇಲೆ ಬರುತ್ತದೆ. ಕಾಸರಗೋಡು ಪೇಟೆಗೆ ಚಂದ್ರಗಿರಿಯ ಬಾವಿಕ್ಕೆರೆಯಿಂದ ಬರುವ ನಲ್ಲಿ ನೀರು ಎಷ್ಟೋ ಬೇಸಗೆಗಳಲ್ಲಿ ಉಪ್ಪಾಗಿದ್ದು ಇದೇ ಕಾರಣಕ್ಕೆ. ಅಲ್ಲಿ ಅಣೆಕಟ್ಟೆ ಕಟ್ಟಿದ್ದೂ ಅದನ್ನು ತಡೆಯಲೆಂದೇ.

ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು. ದಾಟಿದರೆ ಗೊಬ್ಬರದ ಗುಂಡಿ, ಹಟ್ಟಿ, ಪಾಯಿಖಾನೆ ಅಥವಾ ಯೂರಿಯಾ ಕಾರಣ. ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ. ಎಳೆಯ ಮಗುವಿಗೆ ಆ ನೀರಿನಲ್ಲಿ ಹಾಲಿನ ಪುಡಿ ಕಲಸಬೇಡಿ.

ಹೊಳೆಯ ನೀರಿಗೆ ಅಳತೆ ಬೇರೆ. ಸ್ನಾನಕ್ಕೆ ಆಗಬೇಕಾದರೆ ಲೀಟರಿಗೆ ಕನಿಷ್ಠ 5 ಮಿಲಿಗ್ರಾಂ ಕರಗಿದ ಆಮ್ಲಜನಕ ಇರಬೇಕು, ಬಿಒಡಿ, ಅಂದರೆ ಕೊಳೆ ಕರಗಿಸಲು ಬ್ಯಾಕ್ಟೀರಿಯಾ ಬಳಸುವ ಆಮ್ಲಜನಕ, 3 ಮಿಲಿಗ್ರಾಂ ದಾಟಬಾರದು ಎಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಹೇಳುತ್ತದೆ. ಆಮ್ಲಜನಕವನ್ನು ಬೆಳಗ್ಗೆ ಬೇಗ ಅಳೆಯಿರಿ. ಹಗಲು ಪಾಚಿಯೇ ಆಮ್ಲಜನಕ ಬಿಡುವುದರಿಂದ ಮಧ್ಯಾಹ್ನದ ಅಂಕೆ ಮೋಸ ಮಾಡುತ್ತದೆ.

ಕೀಟನಾಶಕ ಮಾತ್ರ ಈ ಸಾಮಾನ್ಯ ಪರೀಕ್ಷೆಗಳಲ್ಲಿ ಕಾಣುವುದಿಲ್ಲ. ಅದಕ್ಕೆ ದೊಡ್ಡ ಪ್ರಯೋಗಾಲಯದ ಯಂತ್ರ ಬೇಕು. ನಮ್ಮ ಜಿಲ್ಲೆಯವರಿಗೆ ಇದನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. 1970ರ ದಶಕದ ಕೊನೆಯಿಂದ 2000ದವರೆಗೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಪಡ್ರೆ ಗ್ರಾಮದ 'ಸ್ವರ್ಗ' ಎಂಬ ಹೆಸರಿನ ಊರಿನಂಥ ಕಡೆಗಳಲ್ಲಿ ಗುಡ್ಡೆಯಿಂದ ಇಳಿದ ನೀರು ತಿಳಿಯಾಗಿಯೇ ಕಾಣುತ್ತಿತ್ತು. ಸುಪ್ರೀಂ ಕೋರ್ಟ್ ದೇಶದಲ್ಲಿ ಅದನ್ನು ತಡೆದದ್ದು 2011ರಲ್ಲಿ. ಅಷ್ಟರಲ್ಲಿ ಎಷ್ಟು ಮನೆಗಳು ನೋವು ತಿಂದವು ಎಂದು ಇಲ್ಲಿ ಎಲ್ಲರಿಗೂ ಗೊತ್ತು. ಹಾಗಾಗಿ ನಿಮ್ಮ ತೋಡಿನ ಮೇಲ್ಭಾಗದಲ್ಲಿ ಯಾರು ಯಾವ ಮದ್ದು ಹೊಡೆಯುತ್ತಾರೆ, ಯಾವಾಗ ಹೊಡೆಯುತ್ತಾರೆ ಎಂಬುದೂ ನೋಟ್‌ಬುಕ್ಕಿನಲ್ಲಿ ಇರಲಿ.

ಬಾವಿ ಕೆಟ್ಟಿದೆ ಎಂದು ತಿಳಿದರೆ

ಬ್ಯಾಕ್ಟೀರಿಯಾ ಇದ್ದರೆ ಆ ದಿನದಿಂದಲೇ ಕುದಿಸಿ ಕುಡಿಯಿರಿ. ಕೊತಕೊತ ಕುದಿಯಲು ಶುರುವಾದ ಮೇಲೆ ಒಂದು ನಿಮಿಷ ಸಾಕು. ಆಮೇಲೆ ಬಾವಿಗೆ ಕ್ಲೋರಿನ್.

ಬಾವಿಯ ಅಡ್ಡಗಲವನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, 785ರಿಂದ ಗುಣಿಸಿ. ಎಲ್ಲವೂ ಮೀಟರಿನಲ್ಲಿ. ಉತ್ತರ ಲೀಟರಿನಲ್ಲಿ ಬರುತ್ತದೆ. 3 ಮೀಟರ್ ಅಗಲ, 2 ಮೀಟರ್ ನೀರು ಇದ್ದರೆ ಸುಮಾರು 14,130 ಲೀಟರ್. 1000 ಲೀಟರಿಗೆ 2.5 ಗ್ರಾಂ ಬ್ಲೀಚಿಂಗ್ ಪೌಡರ್ ಲೆಕ್ಕದಲ್ಲಿ 35 ಗ್ರಾಂ. ನೆರೆ ನೀರು ನುಗ್ಗಿದ್ದರೆ ಎರಡು ಪಟ್ಟು. ಪುಡಿಯನ್ನು ಪ್ಲಾಸ್ಟಿಕ್ ಬಕೆಟಿನಲ್ಲಿ ಸ್ವಲ್ಪ ನೀರು ಹಾಕಿ ಮೊದಲು ಕಲಸಿ, ಮುಕ್ಕಾಲು ಬಕೆಟ್ ನೀರು ತುಂಬಿ, ಹತ್ತು ನಿಮಿಷ ಬಿಡಿ. ಅಡಿಯ ಸುಣ್ಣ ಬಿಟ್ಟು ಮೇಲಿನ ತಿಳಿಯನ್ನು ಇನ್ನೊಂದು ಬಕೆಟಿಗೆ ತೆಗೆದು, ಹಗ್ಗ ಕಟ್ಟಿ ಬಾವಿಗೆ ಇಳಿಸಿ, ಮೇಲೆ ಕೆಳಗೆ ಆಡಿಸಿ ಬೆರೆಸಿ. ಸಂಜೆ ಹಾಕಿ ಬೆಳಗ್ಗೆ ಬಳಸುವುದು ಒಳ್ಳೆಯದು. ಹಳೆಯ, ವಾಸನೆ ಹೋದ ಪುಡಿಯಿಂದ ಪ್ರಯೋಜನ ಇಲ್ಲ.

ಆದರೆ ಪಾಯಿಖಾನೆ ಗುಂಡಿ ಅಲ್ಲೇ ಇದ್ದರೆ ಕ್ಲೋರಿನ್ ಎಷ್ಟು ದಿನ ಕಾಯುತ್ತದೆ? ಕೇರಳದ ಕಟ್ಟಡ ನಿಯಮ ಗುಂಡಿಗೂ ಬಾವಿಗೂ 7.5 ಮೀಟರ್ ದೂರ ಕೇಳುತ್ತದೆ. ಮುರಕಲ್ಲಿನಲ್ಲಿ ಮಾಟೆಗಳು (ತೂತುಗಳು) ಇದ್ದು ನೀರು ಬೇಗ ಓಡುವುದರಿಂದ ಅದಕ್ಕಿಂತ ಜಾಸ್ತಿ ದೂರ ಇದ್ದರೇ ನೆಮ್ಮದಿ. ನೆರೆಮನೆಯ ಗುಂಡಿಯೂ ಲೆಕ್ಕಕ್ಕೆ ಬರುತ್ತದೆ. ಬಾವಿಗೆ ಕಟ್ಟೆ ಎತ್ತರಿಸಿ, ಸುತ್ತ ಸಿಮೆಂಟ್ ಹಾಕಿ, ಮೇಲೆ ಬಲೆ ಹಾಕಿ.

ತೋಟದಿಂದ ಹೊಳೆಗೆ ಹೋಗುವುದು

ನಾವು ಅಡಿಕೆ ಬೆಳೆಯುವವರು, ಹಾಗಾಗಿ ಇಲ್ಲಿ ನಮ್ಮ ಕೈಯಲ್ಲೇ ತುಂಬಾ ಇದೆ. ಕೊಳೆರೋಗಕ್ಕೆ ಮಳೆಗಾಲದಲ್ಲಿ ಬೋರ್ಡೋ ದ್ರಾವಣ ಸಿಂಪಡಿಸದೆ ಆಗುವುದಿಲ್ಲ. 100 ಲೀಟರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಮೈಲುತುತ್ತಿನಲ್ಲಿರುವ ತಾಮ್ರ ಮೀನಿಗೂ ನೀರಿನ ಹುಳಗಳಿಗೂ ವಿಷ. ಮದ್ದು ಬಿಟ್ಟಾದ ಮೇಲೆ ಡ್ರಮ್ಮು, ಪೈಪು ತೊಳೆಯಲು ತೋಡಿಗೇ ಇಳಿಯುವ ಅಭ್ಯಾಸ ಮೊದಲು ನಿಲ್ಲಬೇಕು. ತೊಳೆದ ನೀರನ್ನು ತೋಟದ ನಡುವೆ, ಕಣಿಯಿಂದ ದೂರ ಚೆಲ್ಲಿ. ಉಳಿದ ದ್ರಾವಣವನ್ನೂ ಹಾಗೆಯೇ. ಮೋಡ ಕಟ್ಟಿರುವಾಗ ಬಿಟ್ಟ ಮದ್ದು ಮರದಲ್ಲೂ ನಿಲ್ಲುವುದಿಲ್ಲ, ತೋಡಿಗೂ ಹೋಗುತ್ತದೆ.

ರಬ್ಬರ್ ಶೀಟ್ ಮಾಡುವವರು ಆಸಿಡ್ ನೀರನ್ನು ಒಂದು ಗುಂಡಿಗೆ ಬಿಟ್ಟು ಸುಣ್ಣ ಹಾಕಲಿ. ಹಟ್ಟಿ ತೊಳೆದ ನೀರು, ಬಚ್ಚಲು ನೀರು ಬಾಳೆಯ ಬುಡಕ್ಕೆ ಹೋಗಲಿ. ಪ್ಲಾಸ್ಟಿಕ್ಕನ್ನು ತೊಳೆದು ಒಣಗಿಸಿ ಮನೆ ಮನೆಯಿಂದ ಕಸ ಒಯ್ಯುವ ಹರಿತ ಕರ್ಮ ಸೇನೆಯವರಿಗೆ ಕೊಡಿ. ಬೇಸಗೆಯಲ್ಲಿ ಹೊಳೆಯ ಗುಂಡಿಗೆ ವಿಷ ಹಾಕಿ ಮೀನು ಹಿಡಿಯುವವರನ್ನು ಕಂಡರೆ ಸುಮ್ನೆ ಇರಬೇಡಿ. ಅದರ ಕೆಳಗೆ ಯಾರದೋ ಬಾವಿ ಇರುತ್ತದೆ ಅಲ್ವಾ.

ದಡ, ಕಟ್ಟ, ಜೆಸಿಬಿ

ತೋಡು ಸ್ವಚ್ಛ ಮಾಡುವುದೆಂದರೆ ಜೆಸಿಬಿ ತಂದು ಅಡಿ ಕೆರೆದು, ದಡದ ಗಿಡ ಬಳಿದು, ಎರಡೂ ಬದಿ ಕಾಂಕ್ರೀಟ್ ಹಾಕುವುದು ಎಂದು ಈಗ ಆಗಿಬಿಟ್ಟಿದೆ. ನನಗೆ ಇದು ತುಂಬಾ ಬೇಸರದ ವಿಷಯ. ಕಲ್ಲು, ಬೇರು, ಮುಂಡೇವು (ಕೇದಗೆಯ ಜಾತಿ) ಪೊದೆ ಎಲ್ಲ ಹೋದರೆ ನೀರು ಓಡಿಹೋಗುತ್ತದೆ, ಹುಳ ಮೀನು ಉಳಿಯುವುದಿಲ್ಲ, ಬದಿಯ ಬಾವಿಗೆ ಒರತೆಯೂ ಇಲ್ಲ. ಹೆಕ್ಕಬೇಕಾದ್ದು ಪ್ಲಾಸ್ಟಿಕ್, ಗಾಜು, ಬಟ್ಟೆ. ಅದನ್ನು ಕೈಯಲ್ಲೇ ಹೆಕ್ಕಿ. ದಡ ಕುಸಿದ ಕಡೆ ಬಿದಿರು, ಮುಂಡೇವು, ನೇರಳೆ, ಹೊಂಗೆ ನೆಡಿ. ಅಳಿವೆಯ ಕಡೆ ಉಪ್ಪು ನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳನ್ನು ಕಡಿಯದೆ ಬಿಟ್ಟರೆ ಅದೇ ದೊಡ್ಡ ಉಪಕಾರ.

ನವೆಂಬರ್, ಡಿಸೆಂಬರಿನಲ್ಲಿ ಕಟ್ಟ ಹಾಕುವ ಪದ್ಧತಿಯನ್ನು ಏತಡ್ಕದವರು ಉಳಿಸಿಕೊಂಡಿದ್ದಾರೆ. ಕಲ್ಲು ಮಣ್ಣಿನ ಒಂದು ತಾತ್ಕಾಲಿಕ ಒಡ್ಡು ಸುತ್ತಲಿನ ಬಾವಿ, ಸುರಂಗಗಳಿಗೆ ಎಷ್ಟು ನೀರು ಕೊಡುತ್ತದೆ ಎಂಬುದನ್ನು ಅಲ್ಲಿ ನೋಡಿ ಕಲಿಯಬಹುದು. ಒಂದು ತೋಡಿನಲ್ಲಿ ಒಬ್ಬರೇ ಕಟ್ಟುವುದಕ್ಕಿಂತ ಮೇಲಿನಿಂದ ಕೆಳಗಿನವರೆಗೆ ಸಾಲಾಗಿ ಕಟ್ಟಿದರೆ ಫಲ ಜಾಸ್ತಿ. ಆದರೆ ನಿಂತ ನೀರಿಗೆ ಕೊಳಚೆ ಬಂದರೆ ಬೇಗ ಕೆಡುತ್ತದೆ. ಕಟ್ಟ ಹಾಕುವ ಮೊದಲು ಮೇಲಿನ ಪೈಪುಗಳನ್ನು ಬೇರೆ ಕಡೆ ತಿರುಗಿಸಿ. ಕೆಳಗಿನವರಿಗೆ ಸ್ವಲ್ಪ ನೀರು ಹರಿಯುವಂತೆ ದಾರಿ ಇಡಿ. ಪ್ಲಾಸ್ಟಿಕ್ ಹಾಳೆ ಬಳಸಿದ್ದರೆ ಮಳೆಗೆ ಮೊದಲು ಬಿಚ್ಚಿ ತೆಗೆಯಿರಿ.

ಚಂದ್ರಗಿರಿಯ ಬದಿಯವರಿಗೆ ಇನ್ನೊಂದು ಹೊಣೆ ಇದೆ. ಅಳಿವಿನಂಚಿನ ದೊಡ್ಡ ಮೆದು ಚಿಪ್ಪಿನ ಆಮೆ, ಮಲಯಾಳದಲ್ಲಿ ಪಾಲಪೂವನ್ ಎನ್ನುವುದು, ಈ ಹೊಳೆಯಲ್ಲಿ ಇದೆ. 2023ರಲ್ಲಿ ಅದನ್ನು ಜಿಲ್ಲೆಯ ಪ್ರಾಣಿ ಎಂದು ಘೋಷಿಸಿದರು. ಅದು ಮೊಟ್ಟೆ ಇಡುವುದು ಮರಳ ದಿಣ್ಣೆಯಲ್ಲಿ. ಮರಳು ತೆಗೆದರೆ ಅದಕ್ಕೆ ಜಾಗ ಇಲ್ಲ. ಗಾಳಕ್ಕೆ, ಬಲೆಗೆ ಸಿಕ್ಕಿದರೆ ಕೊಲ್ಲದೆ ಅರಣ್ಯ ಇಲಾಖೆಗೆ ತಿಳಿಸಿ.

ದೂರು ಕೊಡುವಾಗ

ಸೇತುವೆಯಿಂದ ಕೋಳಿ ತ್ಯಾಜ್ಯ ಎಸೆಯುವುದು, ರಾತ್ರಿ ಟ್ಯಾಂಕರಿನಲ್ಲಿ ಪಾಯಿಖಾನೆ ನೀರು ತಂದು ಸುರಿಯುವುದು ಕಂಡರೆ ಒಬ್ಬರೇ ಹೋಗಿ ಜಗಳ ಮಾಡಬೇಡಿ. ವಾಹನದ ನಂಬರು, ಸಮಯ, ಜಾಗ, ಫೋಟೋ ಇರಲಿ. ಮೊದಲು ಪಂಚಾಯತ್ ಕಾರ್ಯದರ್ಶಿಗೆ, ಆಮೇಲೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಜಿಲ್ಲಾ ಕಚೇರಿಗೆ ಬರೆದುಕೊಡಿ. 1974ರ ಜಲ ಕಾಯಿದೆ ಹೊಳೆಗೆ ಕೊಳಕು ಬಿಡುವುದನ್ನು ನಿಷೇಧಿಸುತ್ತದೆ. ಅರ್ಜಿ ಕನ್ನಡದಲ್ಲೇ ಇರಲಿ. ಭಾಷಾ ಅಲ್ಪಸಂಖ್ಯಾತರಾದ ನಮಗೆ ಆ ಹಕ್ಕು ಇದೆ. ಕೊಟ್ಟದ್ದಕ್ಕೆ ರಶೀದಿ ಕೇಳಿ ಪಡೆಯಿರಿ. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನಡಿ, ಏನು ಕ್ರಮ ಕೈಗೊಂಡಿರಿ ಎಂದು ಕೇಳಿ.

ಪಯಸ್ವಿನಿಯ ವಿಷಯದಲ್ಲಿ ಗಡಿಯಾಚೆ ಸುಳ್ಯದ ಕಡೆಯವರ ಜೊತೆಗೂ ಮಾತು ಬೇಕು. ಅಲ್ಲಿ ಬೆಳಗ್ಗೆ ನೀರಿನ ಬಣ್ಣ ಬದಲಾದರೆ ಇಲ್ಲಿಗೆ ಒಂದು ಫೋನ್ ಬಂದರೆ ಎಷ್ಟೋ ಮನೆಯವರು ಪಂಪು ನಿಲ್ಲಿಸಬಹುದು. ಎರಡೂ ಕಡೆಯ ನಾಲ್ಕಾರು ಜನ ಸೇರಿ ಒಂದು ವಾಟ್ಸಾಪ್ ಗುಂಪು ಮಾಡಿಕೊಳ್ಳಿ, ಅದರಲ್ಲಿ ನೀರಿನ ವಿಷಯ ಮಾತ್ರ ಇರಲಿ.

ಗ್ರಾಮಸಭೆಗೆ ಹೋಗುವಾಗ ನೋಟ್‌ಬುಕ್ ಮರೆಯಬೇಡಿ. "ನಮ್ಮ ತೋಡು ಹಾಳಾಗಿದೆ" ಎಂದರೆ ಕೇಳಿ ಬಿಡುತ್ತಾರೆ. "ಕಳೆದ ನವೆಂಬರಿನಲ್ಲಿ ಈ ಪೈಪಿನ ಮೇಲೆ ಕ್ಯಾಡಿಸ್ ಇತ್ತು, ಕೆಳಗೆ ಇರಲಿಲ್ಲ, ಬಾಟಲಿ ಎರಡು ಸಲವೂ ಕಪ್ಪಾಯಿತು, ಇದು ವರದಿ" ಎಂದರೆ ಉತ್ತರ ಹೇಳಲೇಬೇಕಾಗುತ್ತದೆ. ಹೇಳಿದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಅಲ್ಲಿಂದ ಏಳುವ ಮೊದಲು ಓದಿಸಿ ನೋಡಿ.